ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ

ಮೊಜಿಲ್ಲಾ ಸಂಸ್ಥೆಯ ದೋಷವರದಿಗಳ ದಫ್ತರಕ್ಕೆ ಬಗ್‌ಜಿಲ್ಲಾ ಎಂದು ಹೆಸರು. 1998ರಿಂದ ಅದು ಸಾರ್ವಜನಿಕರಿಗೆ ತೆರೆದಿದೆ. ಇದೇ ಸಂಸ್ಥೆಯ ಇಮೇಲ್ ತಂತ್ರಾಂಶ ಥಂಡರ್‌ಬರ್ಡ್‌ನ 1.0 ಆವೃತ್ತಿ 2004ರ ಡಿಸೆಂಬರ್ 7ರಂದು ಹೊರಬಂತು. ಅದರ ಹಿಂದಿನ, ಮುಂದಿನ ಬೀಟಾ ಆವೃತ್ತಿಗಳನ್ನು ಬಳಸಿ ನೋಡಿದವರ ದೂರುಗಳನ್ನು ಇಂದಿಗೂ ಅಲ್ಲಿ ಓದಬಹುದು. ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬರೆದರೆ ವರದಿ ಮುಗಿಯಿತು. ನಾನು ಹಿಡಿದು ಹೊರಟದ್ದು ಒಂದೇ ಮೆನುವಿನ ಜಾಡು: ‘ವ್ಯೂ’ ಅಡಿಯಲ್ಲಿದ್ದ ‘ಕ್ಯಾರೆಕ್ಟರ್ ಎನ್‌ಕೋಡಿಂಗ್’.

ಈ ಜಾಡು ಹಿಡಿಯಲು ಕಾರಣ ಯರಗಟ್ಟಿ. ಬೆಳಗಾವಿಯಿಂದ ಬಾಗಲಕೋಟೆಗೆ ಹೋಗುವ ದಾರಿಯೂ ಗೋಕಾಕದಿಂದ ಸವದತ್ತಿಗೆ ಇಳಿಯುವ ದಾರಿಯೂ ಕೂಡುವ ಊರಿದು. ಮೊದಲು ಸವದತ್ತಿ ತಾಲ್ಲೂಕಿನಲ್ಲಿತ್ತು, ಈಗ ತಾನೇ ತಾಲ್ಲೂಕು. ಇಂಥ ಊರುಗಳ ಡಿಟಿಪಿ ಅಂಗಡಿಗಳಲ್ಲಿ ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ಸೊಸೈಟಿಯ ವಾರ್ಷಿಕ ವರದಿಗಳು ಕನ್ನಡದಲ್ಲಿ ಟೈಪಾಗಿ ದೊಡ್ಡ ಊರಿನ ಪ್ರೆಸ್ಸಿಗೆ ಹೋಗುತ್ತಿದ್ದವು. ಮ್ಯಾಟರ್ ಇಮೇಲಿನಲ್ಲಿ ಹೋಯಿತೆಂದರೆ ಆಚೆ ಕಡೆ ತೆರೆದವರಿಗೆ ಬರೀ ತಲೆಯ ಮೇಲೆ ಗೀಟು, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳು. ಫೋನ್ ಮಾಡಿ ಕೇಳಿದರೆ ಸಿಗುವ ಉತ್ತರ ಒಂದೇ: “ಫಾಂಟ್ ಹಾಕ್ಕೊಳ್ರಿ, ಬರತೈತಿ.” ಅಷ್ಟು ವರ್ಷ, ಅಷ್ಟು ಜನ ಪಟ್ಟ ಈ ಪಾಡು ದೋಷವರದಿಗಳ ದಫ್ತರದಲ್ಲಿ ಯಾವ ರೂಪದಲ್ಲಿ ದಾಖಲಾಗಲು ಸಾಧ್ಯವಿತ್ತು ಎಂಬುದು ನನ್ನ ಪ್ರಶ್ನೆ.

ಆ ಮೆನು ಯಾಕೆ ಬೇಕಿತ್ತು? ಪತ್ರದಲ್ಲಿ ನಿಜವಾಗಿ ಹೋಗುವುದು ಅಂಕಿಗಳು. ಯಾವ ಅಂಕಿಗೆ ಯಾವ ಅಕ್ಷರ ಎಂಬುದನ್ನು ಪತ್ರದ ತಲೆಬರಹದಲ್ಲಿ ಹೇಳುವ ಪದ್ಧತಿಯನ್ನು 1992ರ ಜೂನ್‌ನಲ್ಲಿ ನಥಾನಿಯಲ್ ಬೊರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ‘ಮೈಮ್’ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಕಳಿಸುವ ತಂತ್ರಾಂಶ ಆ ಒಂದು ಸಾಲನ್ನು ಬಿಟ್ಟರೆ, ಇಲ್ಲವೇ ತಪ್ಪು ಬರೆದರೆ, ಓದುವವನೇ ಊಹಿಸಬೇಕು. ಮೆನು ಇದ್ದದ್ದು ಆ ಊಹೆಗೆ.

ಬಳಸಿದವರ ಗೊಂದಲ ಅರ್ಥವಾಗುವಂಥದ್ದೇ. ಒಂದೇ ಪ್ರಶ್ನೆಯನ್ನು ಥಂಡರ್‌ಬರ್ಡ್ ಮೂರು ಕಡೆ ಕೇಳುತ್ತಿತ್ತು. ತೆರೆದ ಪತ್ರಕ್ಕೆ ‘ವ್ಯೂ’ ಮೆನುವಿನಲ್ಲಿ ಒಮ್ಮೆ, ಬರುವ ಮತ್ತು ಹೋಗುವ ಪತ್ರಗಳಿಗೆ ಫಾಂಟಿನ ಸೆಟ್ಟಿಂಗಿನಲ್ಲಿ ಇನ್ನೊಮ್ಮೆ, ಫೋಲ್ಡರಿನ ಗುಣವಿವರದಲ್ಲಿ ಮತ್ತೊಮ್ಮೆ. ಮೂರನೆಯದು ಎಲ್ಲಕ್ಕಿಂತ ಅಪಾಯದ್ದು. ಅಲ್ಲಿನ ಒಂದು ಚೌಕಕ್ಕೆ ಗುರುತು ಹಾಕಿದರೆ, ಆ ಫೋಲ್ಡರಿನ ಪ್ರತಿ ಪತ್ರಕ್ಕೂ ಒಂದೇ ಎನ್‌ಕೋಡಿಂಗ್ ಅನ್ವಯಿಸಿ, ಪತ್ರ ತನ್ನ ಬಗ್ಗೆ ತಾನು ಹೇಳಿಕೊಂಡದ್ದನ್ನು ಬದಿಗಿಡಲಾಗುತ್ತಿತ್ತು. ಕೆಟ್ಟ ಒಂದು ಪತ್ರವನ್ನು ಸರಿ ಮಾಡಹೋದವನ ಸರಿಯಿದ್ದ ಪತ್ರಗಳೂ ಕೆಡುತ್ತಿದ್ದವು. ಅವನು ಮಾಡಿದ್ದರಲ್ಲಿ ತಪ್ಪೇನಿಲ್ಲ. ಬೈಟುಗಳ ಲೆಕ್ಕ ತಿಳಿದವರಿಗೆ ಕೇಳಬೇಕಾದ ಪ್ರಶ್ನೆಯನ್ನು ಪತ್ರ ಓದಲು ಕೂತವನಿಗೆ ಕೇಳಿದ್ದೇ ತಪ್ಪು.

ಇನ್ನು ಪಟ್ಟಿ. ಹಳೆಯ ಮೆನುವಿನಲ್ಲಿ ಪಶ್ಚಿಮ ಯುರೋಪ್, ಸಿರಿಲಿಕ್, ಚೀನಿ, ಜಪಾನಿ, ಕೊರಿಯನ್‌ಗಳಿಗೆ ಹಲವು ಆಯ್ಕೆಗಳಿದ್ದವು. ಆಗ್ನೇಯ ಮತ್ತು ನೈರುತ್ಯ ಏಷ್ಯಾದ ಉಪಪಟ್ಟಿಗೆ ಇಳಿದರೆ ಥಾಯ್, ವಿಯೆಟ್ನಾಮಿ, ಜಾರ್ಜಿಯನ್‌ಗಳ ಜೊತೆ ಭಾರತದ ಮೂರು ಹೆಸರು: ಹಿಂದಿ, ಗುಜರಾತಿ, ಗುರುಮುಖಿ. ಈ ಮೂರೇ ಯಾಕೆ? ಪ್ರತಿ ಹೆಸರಿನ ಪಕ್ಕದ ‘ಮ್ಯಾಕ್’ ಎಂಬ ಮಾತೇ ಸುಳಿವು. ಆಪಲ್ ಕಂಪನಿ ತನ್ನ ಇಂಡಿಯನ್ ಲ್ಯಾಂಗ್ವೇಜ್ ಕಿಟ್‌ನಲ್ಲಿ ಕೊಟ್ಟದ್ದು ಇವೇ ಮೂರು ಲಿಪಿ. ಅಲ್ಲಿಂದ ಮೆನುವಿಗೆ ಬಂದವು. ಭಾರತೀಯ ಮಾನಕ ಸಂಸ್ಥೆ 1991ರಲ್ಲಿ ಪ್ರಕಟಿಸಿದ ‘ಇಸ್ಕಿ’ ಎಂಬ ಅಕ್ಷರಸಂಕೇತ ಪದ್ಧತಿಯಲ್ಲಿ ಕನ್ನಡಕ್ಕೂ ಜಾಗವಿತ್ತು, ಅದೇ ವರ್ಷದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೂ ಇತ್ತು. ಮೆನುವಿನಲ್ಲಿ ಮಾತ್ರ ಕನ್ನಡದ ಹೆಸರಿಲ್ಲ. ಯೂನಿಕೋಡ್ ಎಂಬ ಸಾಲಿನ ಒಳಗೆ ಕನ್ನಡ ಅಡಗಿದೆ ಎಂಬುದು ಗೊತ್ತಿದ್ದವರಿಗಷ್ಟೇ ಗೊತ್ತು.

ಇದು ನೋವಿನ ಸಂಗತಿ. ಆದರೆ ಹೆಸರು ಸೇರಿಸಿದ್ದರೂ ಯರಗಟ್ಟಿಯ ಪತ್ರ ಓದಲು ಬರುತ್ತಿರಲಿಲ್ಲ. ಅದನ್ನು ಖಾತ್ರಿ ಮಾಡಿಕೊಳ್ಳಲು ಊರಿನ ಹೆಸರನ್ನೇ ಎರಡು ಬಗೆಯಲ್ಲಿ ಬಿಡಿಸಿ ನೋಡಿದೆ.

ಯೂನಿಕೋಡ್‌ನಲ್ಲಿ ‘ಯರಗಟ್ಟಿ’ ಏಳು ಸಂಕೇತ: ಯ, ರ, ಗ, ಟ, ವಿರಾಮ, ಮತ್ತೆ ಟ, ಕೊನೆಗೆ ಗುಡಿಸು. ಇಮೇಲಿನಲ್ಲಿ ರೂಢಿಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್, ಒಟ್ಟು 21. ಇದನ್ನು ಪಶ್ಚಿಮ ಯುರೋಪಿನದೆಂದು ಓದಿಸಿದರೆ ಪ್ರತಿ ಮೂರರ ತಲೆಯಲ್ಲೂ ಗೀಟು ಹೊತ್ತ ಲ್ಯಾಟಿನ್ ‘ಎ’ ನಿಲ್ಲುತ್ತದೆ, ರಕಾರದ ಕಡೆಯಲ್ಲಿ ಡಿಗ್ರಿಯ ಸೊನ್ನೆ ಮೂಡುತ್ತದೆ, ಗುಡಿಸು ಬುಡಮೇಲಾದ ಪ್ರಶ್ನಾರ್ಥಕವಾಗುತ್ತದೆ. ನೋಡಲು ಗಲಿಬಿಲಿಯಾದರೂ ಇದಕ್ಕೊಂದು ಕ್ರಮವಿದೆ. ಯಂತ್ರ ಆ ಕ್ರಮವನ್ನು ಗುರುತಿಸಿ ಮೊದಲಿನಂತೆ ಮಾಡಬಲ್ಲದು.

ಅದೇ ಹೆಸರನ್ನು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದರೆ ಹತ್ತೇ ಬೈಟ್: ಯಕಾರಕ್ಕೆ ನಾಲ್ಕು, ರಕ್ಕೆ ಎರಡು, ಗಕ್ಕೆ ಎರಡು, ಟಿಗೆ ಒಂದು, ಒತ್ತಿಗೆ ಒಂದು. ಇಲ್ಲಿ ಸಂಕೇತ ಸಿಕ್ಕಿರುವುದು ಅಕ್ಷರಕ್ಕಲ್ಲ, ಅಕ್ಷರದ ತುಂಡುಗಳಿಗೆ: ತಲೆಕಟ್ಟಿಗೊಂದು, ಒತ್ತಿಗೊಂದು. ಆ ಹತ್ತೂ ಪಶ್ಚಿಮ ಯುರೋಪಿನ ಪಟ್ಟಿಯಲ್ಲಿ ಸಕ್ರಮವಾಗಿರುವ ಚಿಹ್ನೆಗಳು. ಹಾಗಾಗಿ ಇಮೇಲ್ ತಂತ್ರಾಂಶದ ಕಣ್ಣಿಗೆ ಈ ಪತ್ರದಲ್ಲಿ ಐಬೇ ಇಲ್ಲ. ತಲೆಬರಹ ಸರಿ, ಬೈಟುಗಳು ಸರಿ, ತೋರಿಸಿದ ಅಕ್ಷರಗಳೂ ಸರಿ. ಪಟ್ಟಿಯಲ್ಲಿ ಯಾವುದನ್ನು ಒತ್ತಿದರೂ ಕನ್ನಡ ಬಾರದು. ಕನ್ನಡವಿದ್ದದ್ದು ಫಾಂಟಿನಲ್ಲಿ, ಫಾಂಟ್ ಇದ್ದದ್ದು ಕಳಿಸಿದವನ ಕಂಪ್ಯೂಟರಿನಲ್ಲಿ.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲಿ. ಜಪಾನಿ ಪತ್ರ ಕೆಟ್ಟರೆ ಅದು ತಂತ್ರಾಂಶದ ದೋಷ, ವರದಿಯ ಮೂರು ಪ್ರಶ್ನೆಗಳಿಗೂ ಉತ್ತರ ತುಂಬಬಹುದು. ನಮ್ಮ ಪತ್ರದಲ್ಲಿ ‘ಏನಾಗಬೇಕಿತ್ತು’ ಎಂಬುದಕ್ಕೂ ‘ಏನಾಯಿತು’ ಎಂಬುದಕ್ಕೂ ತಂತ್ರಾಂಶದ ಲೆಕ್ಕದಲ್ಲಿ ವ್ಯತ್ಯಾಸವೇ ಇಲ್ಲ. ದೂರು ಬರೆಯುವವರಿದ್ದರೂ ಬರೆಯಲು ಕಾಲಂ ಇರಲಿಲ್ಲ. ಇದಕ್ಕೆ ನುಡಿ ರೂಪಿಸಿದ ಕನ್ನಡ ಗಣಕ ಪರಿಷತ್ತನ್ನಾಗಲಿ, 1998ರಲ್ಲಿ ‘ಬರಹ’ ತಂತ್ರಾಂಶವನ್ನು ಹೊರತಂದ ಶೇಷಾದ್ರಿವಾಸುವನ್ನಾಗಲಿ ದೂರುವುದು ಅನ್ಯಾಯ. ವಿಂಡೋಸ್‌ಗೆ ಕನ್ನಡದ ಯೂನಿಕೋಡ್ ಬೆಂಬಲ, ತುಂಗಾ ಎಂಬ ಫಾಂಟಿನೊಂದಿಗೆ, ಬಂದದ್ದೇ 2001ರ ಎಕ್ಸ್‌ಪಿಯಲ್ಲಿ. ಅಲ್ಲಿಯವರೆಗೆ ಪರದೆಯ ಮೇಲೆ ಕನ್ನಡ ಮೂಡಿಸಿದ ಉಪಕಾರ ಇಂಥವರದು.

ಮೆನುವಿನ ಕಥೆ 2021ರ ಆಗಸ್ಟ್‌ಗೆ ಒಂದು ಘಟ್ಟ ಮುಟ್ಟಿತು. ಮೊಜಿಲ್ಲಾದ್ದೇ ಬ್ರೌಸರ್ ಫೈರ್‌ಫಾಕ್ಸ್‌ನಲ್ಲೂ ಇದ್ದ ಆ ಉದ್ದದ ಪಟ್ಟಿ ಅದರ 91ನೇ ಆವೃತ್ತಿಯಲ್ಲಿ ಹೋಗಿ ‘ರಿಪೇರ್ ಟೆಕ್ಸ್ಟ್ ಎನ್‌ಕೋಡಿಂಗ್’ ಎಂಬ ಒಂದೇ ಸಾಲು ಉಳಿಯಿತು. ಫಿನ್ಲೆಂಡಿನ ಹೆನ್ರಿ ಸಿವೊನೆನ್ ಅವರ ಕೆಲಸವದು. ಥಂಡರ್‌ಬರ್ಡ್ ಕೂಡ ಅದೇ ದಾರಿ ಹಿಡಿಯಿತು. ಊಹೆಯ ಭಾರ ಈಗ ಯಂತ್ರದ್ದು, ಅದು ಸರಿಯಾದ ತೀರ್ಮಾನ. 21 ಬೈಟಿನ ಯರಗಟ್ಟಿಗೆ ಇದರಿಂದ ಲಾಭವಿದೆ, ಹತ್ತು ಬೈಟಿನ ಯರಗಟ್ಟಿಗೆ ಇಲ್ಲ.

ಹಳೆಯ ಪತ್ರಗಳನ್ನು ಇಟ್ಟುಕೊಂಡವರು ಥಂಡರ್‌ಬರ್ಡ್‌ನಲ್ಲಿ ಕಂಟ್ರೋಲ್ ಮತ್ತು ಯು ಒಟ್ಟಿಗೆ ಒತ್ತಿ ಪತ್ರದ ಮೂಲ ನೋಡಬಹುದು. ಅಲ್ಲಿ ಸಮಚಿಹ್ನೆ, ಇ, ಸೊನ್ನೆ ಹೆಜ್ಜೆಹೆಜ್ಜೆಗೂ ಬಂದರೆ ಅದು ಯೂನಿಕೋಡ್, ರಿಪೇರಿ ಸಾಲನ್ನು ಒತ್ತಿ ನೋಡಬಹುದು. ಸಮಚಿಹ್ನೆ, ಸಿ, ಸೊನ್ನೆ ಮತ್ತೆಮತ್ತೆ ಬಂದರೆ ಅದು ನುಡಿಯ ತಲೆಕಟ್ಟು. ಯರಗಟ್ಟಿಯ ಹೆಸರಿನಲ್ಲೇ ಮೂರು ಸಲ ಬರುತ್ತದೆ. ಅದನ್ನು ರಿಪೇರಿಗೆ ಕೊಡದೆ ಪಠ್ಯವನ್ನು ನಕಲು ಮಾಡಿ ನುಡಿಯಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕಕ್ಕೆ ಹಾಕಬೇಕು. ಶ್ರೀಲಿಪಿ, ಆಕೃತಿ ಎಂಬ ಬೇರೆ ತಂತ್ರಾಂಶಗಳಲ್ಲಿ ತುಂಡುಗಳ ಹಂಚಿಕೆ ಬೇರೆ; ಅವುಗಳಲ್ಲಿ ಬರೆದ ಪತ್ರಕ್ಕೆ ಅವುಗಳದೇ ಪರಿವರ್ತಕ ಬೇಕು.