ಹಸಿರು ತಟ್ಟೆ, ಕೆಂಪು ತಟ್ಟೆ

ಅಮೆರಿಕದ ಟೆಕ್ಸಾಸಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಜೆಗೆಂದು ಊರಿಗೆ ಬಂದವನು ಮನೆಗೂ ಬಂದಿದ್ದ. ಜೊತೆಯಲ್ಲಿ ಹೈಸ್ಕೂಲಿಗೆ ಹೋಗುವ ಮಗಳು. ಕಾಫಿಯಾದ ಮೇಲೆ ಆ ಹುಡುಗಿ ತನ್ನ ಮೊಬೈಲಿನಲ್ಲಿ ಎರಡು ಹಾಡು ಕೇಳಿಸಿದಳು. ಎರಡೂ 2024ರಲ್ಲಿ ಹೊರಬಂದವು. ಒಂದು ಬಿಯಾನ್ಸೆ ಹಾಡಿದ ‘ಟೆಕ್ಸಾಸ್ ಹೋಲ್ಡ್ ಎಮ್’, ಇನ್ನೊಂದು ಶಬೂಜಿ ಎಂಬ ಗಾಯಕನ ‘ಎ ಬಾರ್ ಸಾಂಗ್’. ಎರಡೂ ಅಲ್ಲಿನ ಕಂಟ್ರಿ ಸಂಗೀತದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಹಾಡುಗಳು. ಹಾಡಿದವರಿಬ್ಬರೂ ಕಪ್ಪು ಜನ.

“ಸಾರ್, ಕಂಟ್ರಿ ಮ್ಯೂಸಿಕ್ ಅಂದ್ರೆ ಬಿಳಿ ರೈತರ ಹಾಡು ಅಂತ ನೀವೇ ನಮಗೆ ಹೇಳ್ಕೊಟ್ಟಿದ್ರಿ, ಜ್ಞಾಪಕ ಇದೆಯಾ?” ಎಂದು ಅವಳಪ್ಪ ನಕ್ಕ.

ಜ್ಞಾಪಕವಿತ್ತು. ಅಮೆರಿಕದ ಅಂತರ್ಯುದ್ಧದ ಪಾಠ ಮಾಡುವಾಗ ಕರಿಹಲಗೆಯ ನಡುವೆ ಉದ್ದಕ್ಕೆ ಒಂದು ಗೆರೆ ಎಳೆದು, ಎಡಗಡೆ ‘ಬ್ಲೂಸ್: ಕಪ್ಪು ಜನ’, ಬಲಗಡೆ ‘ಕಂಟ್ರಿ: ಬಿಳಿಯರು’ ಎಂದು ಬರೆದಿದ್ದೆ. ಪಠ್ಯಪುಸ್ತಕದಲ್ಲಿ ಇದ್ದ ವಿಷಯವಲ್ಲ. ಎಲ್ಲೋ ಓದಿದ್ದನ್ನು ಸ್ವಲ್ಪ ಜಂಬಕ್ಕಾಗಿಯೇ ಸೇರಿಸಿದ್ದೆ. ಮಕ್ಕಳು ಬರೆದುಕೊಂಡಿದ್ದರು. ಅವರು ಹೋದ ಮೇಲೆ ಕೆಲವು ವಾರ ಕುಳಿತು ಓದಿದೆ, ಹಾಡುಗಳನ್ನೂ ಕೇಳಿದೆ. ನಾನು ಎಳೆದ ಗೆರೆ ತಪ್ಪೆಂದು ತಿಳಿಯಿತು. ಅದಕ್ಕಿಂತ ಹೆಚ್ಚಾಗಿ, ಆ ಗೆರೆಯನ್ನು ಮೊದಲು ಎಳೆದವರು ಯಾರು, ಏಕೆ ಎಳೆದರು ಎಂಬುದೂ ತಿಳಿಯಿತು. ಈ ಬರಹ ಅಂದಿನ ಆ ಪಾಠದ ತಿದ್ದುಪಡಿ.

ಗೆರೆ ಎಳೆದವರು ಗ್ರಾಮಫೋನ್ ತಟ್ಟೆ ಮಾರುವವರು. 1920ರಲ್ಲಿ ಓಕೆ ಎಂಬ ಕಂಪನಿಗಾಗಿ ಮೇಮಿ ಸ್ಮಿತ್ ಎಂಬ ಕಪ್ಪು ಗಾಯಕಿ ಹಾಡಿದ ‘ಕ್ರೇಜಿ ಬ್ಲೂಸ್’ ಭರ್ಜರಿಯಾಗಿ ಮಾರಾಟವಾಯಿತು. ಕಪ್ಪು ಜನರೂ ದುಡ್ಡು ಕೊಟ್ಟು ತಟ್ಟೆ ಕೊಳ್ಳುತ್ತಾರೆಂಬುದು ವ್ಯಾಪಾರಿಗಳಿಗೆ ಆಗ ಹೊಳೆಯಿತು. 1923ರ ಜೂನಿನಲ್ಲಿ ಅದೇ ಕಂಪನಿಯ ರಾಲ್ಫ್ ಪೀರ್ ಅಟ್ಲಾಂಟಾಕ್ಕೆ ಹೋಗಿ ಫಿಡ್ಲಿನ್ ಜಾನ್ ಕಾರ್ಸನ್ ಎಂಬ ಬಿಳಿಯ ಪಿಟೀಲುವಾದಕನ ಹಾಡನ್ನು ಮುದ್ರಿಸಿಕೊಂಡ. ಪೀರ್‌ಗೆ ಆ ಹಾಡುಗಾರಿಕೆ ಎಳ್ಳಷ್ಟೂ ಹಿಡಿಸಲಿಲ್ಲವಂತೆ. ಆದರೆ ಅದೂ ಮಾರಾಟವಾಯಿತು. ಹೀಗೆ ಎರಡು ಪಟ್ಟಿಗಳು ಹುಟ್ಟಿಕೊಂಡವು: ಕಪ್ಪು ಜನರಿಗೆ ಮಾರುವುದಕ್ಕೆ ‘ರೇಸ್ ರೆಕಾರ್ಡ್ಸ್’, ದಕ್ಷಿಣದ ಹಳ್ಳಿಗಾಡಿನ ಬಿಳಿಯರಿಗೆ ಮಾರುವುದಕ್ಕೆ ‘ಓಲ್ಡ್ ಟೈಮ್’ ಅಥವಾ ‘ಹಿಲ್‌ಬಿಲ್ಲಿ’. ಹಿಲ್‌ಬಿಲ್ಲಿ ಎಂದರೆ ಗುಡ್ಡಗಾಡಿನ ಗಮಾರ ಎಂಬಂಥ ಮಾತು. ಕಂಟ್ರಿ ಎಂಬ ಮರ್ಯಾದೆಯ ಹೆಸರು ಬಂದದ್ದು ಎಷ್ಟೋ ವರ್ಷಗಳ ನಂತರ.

ಅಂಗಡಿಯಲ್ಲಿ ಪಟ್ಟಿ ಎರಡಾದರೂ ಹಾಡುವವರ ನಡುವೆ ಅಂಥ ಗೋಡೆಯಿರಲಿಲ್ಲ. ಕಂಟ್ರಿ ಸಂಗೀತದ ಗುರುತೆಂದೇ ಎಲ್ಲರೂ ತಿಳಿಯುವ ಬ್ಯಾಂಜೋ ವಾದ್ಯದ ಪೂರ್ವಜರು ಪಶ್ಚಿಮ ಆಫ್ರಿಕದವು. ಗುಲಾಮರಾಗಿ ಬಂದವರು ಸೋರೆ ಬುರುಡೆಗೆ ಚರ್ಮ ಹೊದಿಸಿ ಅದನ್ನು ಹೊಸ ನೆಲದಲ್ಲಿ ಮತ್ತೆ ಕಟ್ಟಿಕೊಂಡರು. ಪಿಟೀಲು ಯೂರೋಪಿನಿಂದ ಬಂತು. ಎರಡೂ ದಕ್ಷಿಣದ ಹಳ್ಳಿಗಳಲ್ಲಿ ಜೊತೆಗೂಡಿದವು.

1927ರ ಜುಲೈ ಕೊನೆ ಮತ್ತು ಆಗಸ್ಟ್ ಮೊದಲ ವಾರದಲ್ಲಿ ಇದೇ ಪೀರ್, ಈಗ ವಿಕ್ಟರ್ ಕಂಪನಿಯ ಪರವಾಗಿ, ಟೆನೆಸ್ಸಿ ಮತ್ತು ವರ್ಜೀನಿಯಾ ರಾಜ್ಯಗಳ ಗಡಿಯಲ್ಲಿರುವ ಬ್ರಿಸ್ಟಲ್ ಊರಿಗೆ ಬಂದ. ಅಲ್ಲಿನ ಮುಖ್ಯ ಬೀದಿಯ ಒಂದು ಮಗ್ಗುಲು ಒಂದು ರಾಜ್ಯ, ಇನ್ನೊಂದು ಮಗ್ಗುಲು ಇನ್ನೊಂದು ರಾಜ್ಯ. ಟೋಪಿ ಕಂಪನಿಯೊಂದರ ಕಟ್ಟಡದಲ್ಲಿ ಯಂತ್ರ ಹೂಡಿ ಸುತ್ತಲಿನ ಹಾಡುಗಾರರನ್ನು ಕರೆಸಿದ. ಕಾರ್ಟರ್ ಕುಟುಂಬ ಮತ್ತು ಜಿಮ್ಮಿ ರಾಜರ್ಸ್ ಮೊದಲು ಹಾಡಿದ್ದು ಅಲ್ಲಿಯೇ. ಕಂಟ್ರಿ ಸಂಗೀತದ ಚರಿತ್ರೆ ಬರೆಯುವವರೆಲ್ಲ ಅಲ್ಲಿಂದಲೇ ಶುರುಮಾಡುತ್ತಾರೆ. ಅದೇ ದಿನಗಳಲ್ಲಿ ಎಲ್ ವಾಟ್ಸನ್ ಎಂಬ ಕಪ್ಪು ಹಾರ್ಮೋನಿಕಾ ವಾದಕನೂ ಅಲ್ಲಿ ನುಡಿಸಿದ್ದನ್ನು ಮಾತ್ರ ಬಹಳ ಜನ ಬಿಟ್ಟುಬಿಡುತ್ತಾರೆ.

ಕಾರ್ಟರ್ ಕುಟುಂಬದ ಯಜಮಾನ ಎ. ಪಿ. ಕಾರ್ಟರ್ ಊರೂರು ಸುತ್ತಿ ಹಳೆಯ ಹಾಡುಗಳನ್ನು ಸಂಗ್ರಹಿಸುತ್ತಿದ್ದ. 1928ರಿಂದಾಚೆಗೆ ಅವನ ಜೊತೆ ಸುತ್ತಿದವನು ಲೆಸ್ಲಿ ರಿಡಲ್, ಸಿಮೆಂಟು ಕಾರ್ಖಾನೆಯ ಅಪಘಾತದಲ್ಲಿ ಒಂದು ಕಾಲು ಕಳೆದುಕೊಂಡಿದ್ದ ಕಪ್ಪು ಗಿಟಾರ್ ವಾದಕ. ಕೆಲಸವನ್ನು ಇಬ್ಬರೂ ಹಂಚಿಕೊಂಡಿದ್ದರು: ಕಾರ್ಟರ್ ಸಾಹಿತ್ಯ ಬರೆದುಕೊಳ್ಳುವುದು, ರಿಡಲ್ ಮಟ್ಟನ್ನು ನೆನಪಿನಲ್ಲಿ ಹೊತ್ತು ತರುವುದು. ಮನೆಗೆ ಬಂದ ಮೇಲೆ ಅವನು ಅದನ್ನು ಕುಟುಂಬದ ಹೆಂಗಸರಿಗೆ ಕಲಿಸುತ್ತಿದ್ದ. ತಟ್ಟೆಗಳ ಮೇಲೆ ಅವನ ಹೆಸರಿಲ್ಲ. 1960ರ ದಶಕದಲ್ಲಿ ಮೈಕ್ ಸೀಗರ್ ಎಂಬ ಸಂಗೀತಗಾರ ಹುಡುಕಿಕೊಂಡು ಹೋಗಿ ಅವನ ಹಾಡುಗಾರಿಕೆಯನ್ನು ಮುದ್ರಿಸಿಕೊಳ್ಳುವವರೆಗೆ ಹೊರಗಿನವರಿಗೆ ಅವನ ವಿಷಯ ಹೆಚ್ಚಾಗಿ ತಿಳಿದಿರಲಿಲ್ಲ. ನಮ್ಮ ಜಾನಪದ ಸಂಗ್ರಹಗಳ ಮುಖಪುಟದಲ್ಲಿ ಸಂಪಾದಕರ ಹೆಸರು ದಪ್ಪಕ್ಷರದಲ್ಲಿರುತ್ತದೆ, ಹಾಡು ಹೇಳಿದ ಅಜ್ಜಿಯ ಹೆಸರು ಎಷ್ಟೋ ಬಾರಿ ಒಳಗೂ ಇರುವುದಿಲ್ಲ. ನನಗೆ ಅದೇ ನೆನಪಾಯಿತು.

ಡಿಫೋರ್ಡ್ ಬೇಲಿಯ ಕತೆ ಇನ್ನೂ ಕಹಿ. ಕಂಟ್ರಿ ಸಂಗೀತದ ದೇವಸ್ಥಾನ ಎನ್ನಬಹುದಾದ ನ್ಯಾಶ್‌ವಿಲ್‌ನ ರೇಡಿಯೋ ಕಾರ್ಯಕ್ರಮ ‘ಗ್ರ್ಯಾಂಡ್ ಓಲ್ ಓಪ್ರಿ’ಗೆ ಆ ಹೆಸರು ಹುಟ್ಟಿದ್ದೇ 1927ರ ಡಿಸೆಂಬರಿನಲ್ಲಿ ಅವನು ಹಾರ್ಮೋನಿಕಾದಲ್ಲಿ ರೈಲಿನ ಸದ್ದನ್ನು ನುಡಿಸಿದ ರಾತ್ರಿ. 1941ರಲ್ಲಿ ಅವನನ್ನು ಕೈಬಿಟ್ಟರು. ಮುಂದೆ ಅದೇ ಊರಿನಲ್ಲಿ ಬೂಟು ಪಾಲಿಶ್ ಅಂಗಡಿ ನಡೆಸಿ ಬದುಕಿ 1982ರಲ್ಲಿ ತೀರಿಕೊಂಡ. ಕಂಟ್ರಿ ಸಂಗೀತದ ಗೌರವ ಮಂದಿರಕ್ಕೆ ಅವನ ಹೆಸರು ಸೇರಿದ್ದು 2005ರಲ್ಲಿ.

ಇನ್ನು ನಾನು ಈ ಬರಹಕ್ಕೆ ತಲೆಬರಹ ಕೊಟ್ಟ ಸಂಗತಿ. 1949ರಲ್ಲಿ ಆರ್‌ಸಿಎ ವಿಕ್ಟರ್ ಕಂಪನಿ ನಿಮಿಷಕ್ಕೆ 45 ಸುತ್ತು ತಿರುಗುವ, ಏಳಂಗುಲದ ಪುಟ್ಟ ತಟ್ಟೆಯನ್ನು ಮಾರುಕಟ್ಟೆಗೆ ತಂದಿತು. ಮಗ್ಗುಲಿಗೊಂದು ಹಾಡು, ‘ಸಿಂಗಲ್’ ಎಂದು ಮುಂದೆ ಎಲ್ಲರ ಬಾಯಲ್ಲಿ ಬಂದದ್ದು ಇದಕ್ಕೇ. ಮೊದಮೊದಲು ಸಂಗೀತದ ಬಗೆಗೊಂದು ಬಣ್ಣ ಕೊಟ್ಟಿದ್ದರು. ಶಾಸ್ತ್ರೀಯ ಸಂಗೀತಕ್ಕೆ ಕೆಂಪು, ಮಕ್ಕಳ ಹಾಡಿಗೆ ಹಳದಿ, ಕಂಟ್ರಿಗೆ ಹಸಿರು, ಕಪ್ಪು ಜನರ ಬ್ಲೂಸ್‌ಗೆ ಚೆರ್ರಿ ಹಣ್ಣಿನ ಕೆಂಪು. ನಾನು ಸೀಮೆಸುಣ್ಣದಲ್ಲಿ ಎಳೆದ ಗೆರೆಯನ್ನು ಅವರು ನನಗಿಂತ ಎಷ್ಟೋ ವರ್ಷ ಮೊದಲೇ ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಿದ್ದರು! ಎಡ್ಡಿ ಆರ್ನಾಲ್ಡ್‌ನ ‘ಟೆಕ್ಸಾರ್ಕಾನಾ ಬೇಬಿ’ ಹಸಿರು ತಟ್ಟೆಯಲ್ಲಿ ಬಂತು, ಆರ್ಥರ್ ಕ್ರುಡಪ್‌ನ ‘ದಟ್ಸ್ ಆಲ್ ರೈಟ್’ ಚೆರ್ರಿ ಕೆಂಪಿನಲ್ಲಿ.

ಐದು ವರ್ಷ ಕಳೆಯಿತು. 1954ರ ಜುಲೈಯಲ್ಲಿ ಮೆಂಫಿಸ್ ನಗರದಲ್ಲಿ ಹತ್ತೊಂಬತ್ತರ ಹುಡುಗ ಎಲ್ವಿಸ್ ಪ್ರೀಸ್ಲಿಯ ಮೊದಲ ಸಿಂಗಲ್ ಬಂತು. ಒಂದು ಮಗ್ಗುಲಲ್ಲಿ ಕ್ರುಡಪ್‌ನ ಅದೇ ಹಾಡು, ಇನ್ನೊಂದು ಮಗ್ಗುಲಲ್ಲಿ ಬಿಲ್ ಮನ್ರೋ ಬರೆದ ಕಂಟ್ರಿ ಹಾಡು. ಒಂದೇ ತಟ್ಟೆಗೆ ಎರಡೂ ಬಣ್ಣ. ಎಲ್ವಿಸ್ ಏನಾದನೆಂಬುದು ಜಗತ್ತಿಗೇ ಗೊತ್ತು. ಕ್ರುಡಪ್ ತನಗೆ ಬರಬೇಕಾದ ರಾಯಧನಕ್ಕಾಗಿ ಹೋರಾಡುತ್ತಲೇ 1974ರಲ್ಲಿ ತೀರಿಕೊಂಡ.

ನನ್ನನ್ನು ಬಹಳ ಕಾಡಿದ್ದು ಚಾರ್ಲಿ ಪ್ರೈಡ್‌ನ ವೃತ್ತಾಂತ. 1934ರಲ್ಲಿ ಮಿಸಿಸಿಪಿ ರಾಜ್ಯದ ಸ್ಲೆಜ್ ಎಂಬಲ್ಲಿ, ಹತ್ತಿಯನ್ನು ಪಾಲಿಗೆ ಬೆಳೆಯುವ ರೈತನ ಮಗನಾಗಿ ಹುಟ್ಟಿದ. ಅಪ್ಪನೊಡನೆ ಕುಳಿತು ರೇಡಿಯೋದಲ್ಲಿ ಓಪ್ರಿ ಕೇಳುತ್ತ ಬೆಳೆದ. ರೇಡಿಯೋಗೆ ಬಣ್ಣ ತಿಳಿಯದಲ್ಲ! ಬೇಸ್‌ಬಾಲ್ ಆಟಗಾರನಾಗಬೇಕೆಂದು ಕಪ್ಪು ಜನರ ಲೀಗುಗಳಲ್ಲಿ ಆಡಿದ, ಮೊಂಟಾನಾದಲ್ಲಿ ಲೋಹ ಕರಗಿಸುವ ಕುಲುಮೆಯಲ್ಲಿ ದುಡಿದ, ಸಂಜೆಗಳಲ್ಲಿ ಹಾಡಿದ. ನಿರ್ಮಾಪಕ ಜ್ಯಾಕ್ ಕ್ಲೆಮೆಂಟ್ ಅವನ ಧ್ವನಿ ಮುದ್ರಿಸಿದ, ಆರ್‌ಸಿಎಯ ಚೆಟ್ ಆಟ್ಕಿನ್ಸ್ ಒಪ್ಪಂದ ಮಾಡಿಕೊಂಡ. ಮೊದಲ ಸಿಂಗಲ್ ‘ದಿ ಸ್ನೇಕ್ಸ್ ಕ್ರಾಲ್ ಅಟ್ ನೈಟ್’ 1966ರ ಆರಂಭದಲ್ಲಿ ರೇಡಿಯೋ ಕೇಂದ್ರಗಳಿಗೆ ಹೋಯಿತು. ಹೊಸ ಗಾಯಕನ ತಟ್ಟೆಯ ಜೊತೆ ಭಾವಚಿತ್ರ ಕಳಿಸುವುದು ವಾಡಿಕೆ. ಇವನದಕ್ಕೆ ಚಿತ್ರವಿರಲಿಲ್ಲ. ಹೆಸರು ಮಾತ್ರ ‘ಕಂಟ್ರಿ ಚಾರ್ಲಿ ಪ್ರೈಡ್’.

ಮೂರನೆಯ ಸಿಂಗಲ್ ‘ಜಸ್ಟ್ ಬಿಟ್ವೀನ್ ಯೂ ಅಂಡ್ ಮಿ’ ಮೊದಲ ಹತ್ತರೊಳಗೆ ಬಂತು. ಹಾಡು ಕೇಳಿ ಮೆಚ್ಚಿದವರು ಮುಖ ನೋಡಲೇಬೇಕಾದ ದಿನವೂ ಬಂತು. ಡೆಟ್ರಾಯ್ಟ್‌ನ ದೊಡ್ಡ ಕ್ರೀಡಾಂಗಣ. ಹೆಸರು ಕರೆದೊಡನೆ ಭಾರೀ ಚಪ್ಪಾಳೆ. ಇವನು ಬೆಳಕಿಗೆ ಬಂದೊಡನೆ ಆ ಚಪ್ಪಾಳೆ ಮೆಲ್ಲಗೆ ಕರಗಿ ಇಡೀ ಸಭೆ ಮೌನವಾಯಿತು. ಬಿಸಿಲಿಗೆ ಮೈಯೊಡ್ಡಿ ಮೈಬಣ್ಣ ಕಂದಿಸಿಕೊಳ್ಳುವುದು ಬಿಳಿಯರ ಹವ್ಯಾಸವಷ್ಟೆ. ತನಗೆ ಆ ಬಣ್ಣ ಶಾಶ್ವತವಾಗಿಯೇ ಹತ್ತಿದೆ ಎಂಬರ್ಥದ ತಮಾಷೆ ಮಾಡಿ ಹಾಡಲು ತೊಡಗಿದನೆಂದು ಅವನೇ ಮುಂದೆ ಹೇಳಿಕೊಂಡಿದ್ದಾನೆ. ಜನ ನಕ್ಕರು, ಕೇಳಿದರು. 1971ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ನಿನ ಅತ್ಯುನ್ನತ ಪ್ರಶಸ್ತಿ ಅವನಿಗೆ ಸಂದಿತು. ಅಲ್ಲಿನವರು ಇದನ್ನು ಅವನ ವಿನೋದಪ್ರಜ್ಞೆಗೆ ಉದಾಹರಣೆಯಾಗಿ ಹೇಳುತ್ತಾರೆ. ನನಗೆ ಆ ತಮಾಷೆಯನ್ನು ಓದಿ ನಗು ಬರಲಿಲ್ಲ. ಹಾಡುವುದಕ್ಕೆ ಮುಂಚೆ ತನ್ನ ಚರ್ಮಕ್ಕೆ ಕ್ಷಮೆ ಕೇಳಿದಂತೆಯೇ ಕೇಳಿಸಿತು. 2020ರ ನವೆಂಬರಿನಲ್ಲಿ ಜೀವಮಾನ ಸಾಧನೆಯ ಗೌರವ ಪಡೆದ ಅವನು ಮರುತಿಂಗಳೇ ಕೋವಿಡ್‌ನಿಂದ ತೀರಿಕೊಂಡ.

ಲಿಂಡಾ ಮಾರ್ಟೆಲ್‌ಗೆ ಅಷ್ಟು ಅದೃಷ್ಟವೂ ಇರಲಿಲ್ಲ. 1969ರಲ್ಲಿ ಆಕೆಯ ಸಿಂಗಲ್ ‘ಕಲರ್ ಹಿಮ್ ಫಾದರ್’ ಕಂಟ್ರಿ ಪಟ್ಟಿಯಲ್ಲಿ 22ನೆಯ ಸ್ಥಾನಕ್ಕೇರಿತು. ಓಪ್ರಿ ವೇದಿಕೆಯಲ್ಲಿ ಒಬ್ಬಳೇ ಹಾಡಿದ ಮೊದಲ ಕಪ್ಪು ಮಹಿಳೆ ಆಕೆಯೇ. ತಟ್ಟೆ ತಂದ ಕಂಪನಿಯ ಹೆಸರು ‘ಪ್ಲಾಂಟೇಷನ್’. ಗುಲಾಮರು ದುಡಿದ ತೋಟಗಳಿಗೆ ಇದ್ದ ಹೆಸರೇ. ಯಾರಿಗೂ ಬೇಸರವಾಗಲಿಲ್ಲವೇ ಎಂದು ಕೇಳಬೇಕೆನಿಸುತ್ತದೆ. ಒಂದೇ ಆಲ್ಬಮ್ಮಿನ ನಂತರ ಆಕೆ ಆ ಲೋಕದಿಂದ ಹೊರಬಿದ್ದಳು. ಮುಂದೊಂದು ಕಾಲದಲ್ಲಿ ಶಾಲೆಯ ಬಸ್ಸು ಓಡಿಸಿದಳು.

ಹೊಸ ಕಾಲದಲ್ಲಿ ತಟ್ಟೆಯಿಲ್ಲ, ಆದರೆ ಪಟ್ಟಿ ಉಳಿದಿದೆ. ಬಿಲ್‌ಬೋರ್ಡ್ ಪತ್ರಿಕೆ 2012ರಿಂದ ಕಂಟ್ರಿ ಹಾಡುಗಳ ಮುಖ್ಯ ಪಟ್ಟಿಗೆ ಅಂತರಜಾಲದಲ್ಲಿ ಕೇಳುವವರ ಲೆಕ್ಕವನ್ನೂ ಸೇರಿಸಿತು. ಕಂಟ್ರಿ ರೇಡಿಯೋಗಳು ಒಪ್ಪದಿದ್ದರೂ ಜನ ಕೇಳಿದರೆ ಹಾಡು ಮೇಲೇರಬಹುದು. ಆದರೂ 2019ರ ಮಾರ್ಚಿನಲ್ಲಿ ಲಿಲ್ ನ್ಯಾಸ್ ಎಕ್ಸ್ ಎಂಬ ಹುಡುಗನ ‘ಓಲ್ಡ್ ಟೌನ್ ರೋಡ್’ ಆ ಪಟ್ಟಿಗೆ 19ನೆಯ ಸ್ಥಾನದಲ್ಲಿ ಬಂದಾಗ, ಅದರಲ್ಲಿ ಇಂದಿನ ಕಂಟ್ರಿಯ ಲಕ್ಷಣ ಸಾಲದೆಂದು ಪತ್ರಿಕೆ ಅದನ್ನು ತೆಗೆದುಹಾಕಿತು. ಎಲ್ಲ ಬಗೆಯ ಹಾಡುಗಳೂ ಸೇರಿದ ಪಟ್ಟಿಯಲ್ಲಿ ಅದೇ ಹಾಡು 19 ವಾರ ಮೊದಲ ಸ್ಥಾನದಲ್ಲಿ ಕುಳಿತು ದಾಖಲೆ ಮಾಡಿತು. 2023ರಲ್ಲಿ ಟ್ರೇಸಿ ಚಾಪ್ಮನ್ ಬರೆದು ಹಾಡಿ 1988ರಲ್ಲಿ ಹೊರತಂದಿದ್ದ ‘ಫಾಸ್ಟ್ ಕಾರ್’ ಗೀತೆಯನ್ನು ಬಿಳಿಯ ಗಾಯಕ ಲ್ಯೂಕ್ ಕೂಂಬ್ಸ್ ಮತ್ತೆ ಹಾಡಿದ. ಕಂಟ್ರಿ ರೇಡಿಯೋಗಳು ಅದನ್ನು ಮೊದಲ ಸ್ಥಾನಕ್ಕೇರಿಸಿದವು. ಹಾಡು ಅದೇ, ಸಾಹಿತ್ಯ ಅದೇ.

2024ರ ಫೆಬ್ರವರಿಯಲ್ಲಿ ಬಿಯಾನ್ಸೆಯ ಹಾಡು ಬಂದಾಗ ಓಕ್ಲಹೋಮಾದ ಒಂದು ಪುಟ್ಟ ಕೇಂದ್ರ, ತಮ್ಮದು ಕಂಟ್ರಿ ಕೇಂದ್ರವಾದ್ದರಿಂದ ಬಿಯಾನ್ಸೆಯನ್ನು ಹಾಕುವುದಿಲ್ಲವೆಂದು ಕೇಳುಗನಿಗೆ ಉತ್ತರಿಸಿತು. ದೊಡ್ಡ ಗದ್ದಲವಾದ ಮೇಲೆ ಹಾಕಿತು. ಹಾಡಿನ ಆರಂಭದ ಬ್ಯಾಂಜೋ ನುಡಿಸಿದವಳು ರಿಯಾನನ್ ಗಿಡೆನ್ಸ್; ಬ್ಯಾಂಜೋ ಆಫ್ರಿಕದ ಕೂಸೆಂದು ವರ್ಷಗಟ್ಟಲೆ ಹೇಳುತ್ತ ಬಂದ ಕಲಾವಿದೆ. ಕಂಟ್ರಿ ಪಟ್ಟಿಯ ತುದಿಗೇರಿದ ಮೊದಲ ಕಪ್ಪು ಮಹಿಳೆ ಬಿಯಾನ್ಸೆ. ಅವಳನ್ನು ಆ ಸ್ಥಾನದಿಂದ ಇಳಿಸಿದವನು ಶಬೂಜಿ, ನೈಜೀರಿಯಾದಿಂದ ಬಂದ ತಂದೆತಾಯಿಗೆ ವರ್ಜೀನಿಯಾದಲ್ಲಿ ಹುಟ್ಟಿದವನು. ಅವನ ಹಾಡು ಎಲ್ಲ ಬಗೆಯ ಹಾಡುಗಳ ಪಟ್ಟಿಯಲ್ಲೂ ಮೊದಲ ಸ್ಥಾನದಲ್ಲಿ 19 ವಾರ ನಿಂತು ಹಿಂದಿನ ದಾಖಲೆಯನ್ನು ಸರಿಗಟ್ಟಿತು. ಆ ವರ್ಷ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ಬಿಯಾನ್ಸೆಯನ್ನು ಒಂದು ಪ್ರಶಸ್ತಿಗೂ ಹೆಸರಿಸಲಿಲ್ಲ. 2025ರ ಫೆಬ್ರವರಿಯಲ್ಲಿ ಗ್ರ್ಯಾಮಿಯವರು ಅತ್ಯುತ್ತಮ ಕಂಟ್ರಿ ಆಲ್ಬಮ್ ಎಂದು ಅವಳ ‘ಕೌಬಾಯ್ ಕಾರ್ಟರ್’ ಅನ್ನೇ ಆರಿಸಿದರು.

ಆ ಆಲ್ಬಮ್ಮನ್ನು ಹುಡುಗಿ ನನ್ನ ಮೊಬೈಲಿಗೂ ಹಾಕಿಕೊಟ್ಟು ಹೋಗಿದ್ದಾಳೆ. ಎಲ್ಲವೂ ನನಗೆ ರುಚಿಸಿತೆನ್ನಲಾರೆ, ಸದ್ದು ಹೆಚ್ಚು. ಆದರೆ ಅದರಲ್ಲಿ ಎರಡು ಕಡೆ ಒಬ್ಬ ವೃದ್ಧೆಯ ಮಾತು ಬರುತ್ತದೆ. ಸಂಗೀತಕ್ಕೆ ಹೀಗೆ ಒಂದೊಂದು ಹೆಸರಿಟ್ಟು ಬೇರೆ ಮಾಡುವುದರ ಬಗ್ಗೆಯೇ ಆಕೆ ಮಾತಾಡುತ್ತಾಳೆ. ಆಕೆ ಯಾರೆಂದು ನೋಡಿದೆ. ಲಿಂಡಾ ಮಾರ್ಟೆಲ್.