ಕೊನೆಯ ರ‍್ಯಾಂಕ್ ಎಲ್ಲಿಗೆ ನಿಂತಿತು?

ಜೂನ್ ಬಂತೆಂದರೆ ನಮ್ಮಂಥ ವರದಿಗಾರರ ವಾಟ್ಸ್‌ಆ್ಯಪ್‌ಗೆ ಕಾಲೇಜುಗಳ ಪ್ರೆಸ್‌ನೋಟ್ ಬರಲು ಶುರು. ‘ಸೀಟುಗಳು ಭರ್ತಿಯಾಗುತ್ತಿವೆ, ತ್ವರೆ ಮಾಡಿ’ ಎಂದಿರುತ್ತದೆ. ಒಟ್ಟು ಎಷ್ಟು ಸೀಟು, ಯಾರಿಗೆ, ಎಷ್ಟು ಹಣಕ್ಕೆ ಎಂಬುದು ಇರುವುದಿಲ್ಲ. ಕರ್ನಾಟಕದಲ್ಲಿ ಇದಕ್ಕೆಲ್ಲ ಉತ್ತರ ಹೊರಬಂದದ್ದು ಹೆಚ್ಚಾಗಿ ಕೋರ್ಟು, ಕಾಯ್ದೆಗಳ ಒತ್ತಡದಿಂದ.

ಕ್ಯಾಪಿಟೇಶನ್ ಶುಲ್ಕ ನಿಷೇಧಿಸಿ ರಾಜ್ಯ 1984ರಲ್ಲೇ ಕಾಯ್ದೆ ಮಾಡಿತ್ತು. ಮುಂದೆ 1989ರ ಅಧಿಸೂಚನೆ ಖಾಸಗಿ ವೈದ್ಯಕೀಯ ಕಾಲೇಜುಗಳ ವಾರ್ಷಿಕ ಶುಲ್ಕ ಗೊತ್ತುಮಾಡಿತು: ಸರ್ಕಾರಿ ಸೀಟಿಗೆ 2,000 ರೂಪಾಯಿ, ರಾಜ್ಯದ ಉಳಿದ ವಿದ್ಯಾರ್ಥಿಗಳಿಗೆ 25,000, ಹೊರಗಿನವರಿಗೆ 60,000ದವರೆಗೆ. ತುಮಕೂರಿನಲ್ಲಿ ಸೀಟು ಬಯಸಿದ್ದ ಮೀರತ್‌ನ ಮೋಹಿನಿ ಜೈನ್ ಸುಪ್ರೀಂ ಕೋರ್ಟಿಗೆ ಹೋದರು. ಇದರ ಮೇಲೆ ನಾಲ್ಕೂವರೆ ಲಕ್ಷ ಕೇಳಿದರೆಂಬುದು ಅವರ ದೂರು. ಆಡಳಿತ ಮಂಡಳಿ ಅಲ್ಲಗಳೆಯಿತು. ಕ್ಯಾಪಿಟೇಶನ್ ಶುಲ್ಕ ಸಲ್ಲದೆಂದು 1992ರಲ್ಲಿ ತೀರ್ಪಾಯಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಕೋರ್ಟು ಅರ್ಧ ಫ್ರೀ ಸೀಟು, ಅರ್ಧ ಪೇಮೆಂಟ್ ಸೀಟು, ಎರಡೂ ಮೆರಿಟ್ ಮೇಲೆಯೇ ಎಂದಿತು. 1994ರಲ್ಲಿ ಸಿಇಟಿ ಬಂತು.

ಪರೀಕ್ಷೆಗಿಂತ ದೊಡ್ಡದು ಅದು ಕೊಟ್ಟ ಪಟ್ಟಿ ಎಂಬುದು ನನ್ನ ಅನಿಸಿಕೆ. ಯಾವ ಕಾಲೇಜು, ಯಾವ ಕೋರ್ಸು, ಕೊನೆಯ ಸೀಟು ಯಾವ ರ‍್ಯಾಂಕಿಗೆ ಹೋಯಿತು ಎಂಬುದೆಲ್ಲ ಕಟ್‌ಆಫ್ ಪಟ್ಟಿಯಲ್ಲಿದೆ. ಆದರೆ ಓದಲು ಬರಬೇಕು. ‘ಜಿಎಂ’ ಎಂದರೆ ಸಾಮಾನ್ಯ ವರ್ಗ. ಕೊನೆಗೆ ‘ಆರ್’ ಇದ್ದರೆ ಗ್ರಾಮೀಣ, ‘ಕೆ’ ಇದ್ದರೆ ಕನ್ನಡ ಮಾಧ್ಯಮ. ಹತ್ತು ವರ್ಷ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಆ ‘ಆರ್’ ಕಾಲಂ ಬೇರೆಯೇ ಬಾಗಿಲು. ಬ್ರೋಷರಿನಲ್ಲಿ ಇದನ್ನು ಅಚ್ಚು ಹಾಕಿದ್ದು ನಾನಂತೂ ಕಂಡಿಲ್ಲ.

2002ರ ಟಿಎಂಎ ಪೈ ತೀರ್ಪು ಉನ್ನಿಕೃಷ್ಣನ್ ಸೂತ್ರವನ್ನು ತೆಗೆದುಹಾಕಿತು. ಆಮೇಲೆ ಕಾಮೆಡ್‌ಕೆ ಬಂತು; ಅದಕ್ಕೂ ರ‍್ಯಾಂಕ್ ಉಂಟು. ಮ್ಯಾನೇಜ್‌ಮೆಂಟ್ ಸೀಟಿನ ಲೆಕ್ಕ ಮಾತ್ರ ಇವತ್ತಿಗೂ ಮಬ್ಬು. ಎಂಜಿನಿಯರಿಂಗ್ ಕಾಲೇಜುಗಳು ಮಂಜೂರಾದ ಸೀಟು, ಶುಲ್ಕ, ಹಿಂದಿನ ಮೂರು ವರ್ಷಗಳ ಕಟ್‌ಆಫ್ ಎಲ್ಲವನ್ನೂ ತಮ್ಮ ವೆಬ್‌ಸೈಟಿನಲ್ಲಿ ಹಾಕಬೇಕೆಂದು ಎಐಸಿಟಿಇ ಹೇಳುತ್ತದೆ. ನಾನು ಹುಡುಕಿದಾಗ ಕೆಲವು ಕಡೆ ಸಿಕ್ಕಿದ್ದು ಹಳೇ ವರ್ಷದ ಫೈಲು, ಕೆಲವು ಕಡೆ ತೆರೆಯದ ಲಿಂಕು.

ಕಳೆದ ಬಾರಿ ಪಕ್ಕದೂರಿನ ರೈತರೊಬ್ಬರು ಮಗಳ ಮ್ಯಾನೇಜ್‌ಮೆಂಟ್ ಸೀಟಿಗೆ ಮುಂಗಡ ಕಟ್ಟಲು ಹೊರಟಿದ್ದರು. ‘ತಡಿಯಣ್ಣ’ ಎಂದು ಮೊಬೈಲಿನಲ್ಲಿ ಅದೇ ಕಾಲೇಜಿನ ಹಿಂದಿನ ವರ್ಷದ ಕಟ್‌ಆಫ್ ತೆಗೆದೆ. ಅವಳಿಗಿಂತ ಹಿಂದಿನ ರ‍್ಯಾಂಕಿನವರಿಗೂ ‘ಆರ್’ ಕಾಲಂನಲ್ಲಿ ಸರ್ಕಾರಿ ಕೋಟಾದ ಸೀಟು ಸಿಕ್ಕಿತ್ತು. ಅವರು ಹಣವನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು, ಗ್ರಾಮೀಣ ಪ್ರಮಾಣಪತ್ರ ಬರೆಸಲು ಶಾಲೆಯ ಕಡೆ ಹೊರಟರು.