ಬುಧವಾರದ ಹಾಡು

ಹಾಡಿನ ಸ್ಪರ್ಧೆ ಎಂದರೆ ಈಗಿನವರಿಗೆ ಟಿ.ವಿ. ನೆನಪಾಗುತ್ತದೆ. ನಮ್ಮ ಇಳಕಲ್ಲಿನ ಹೆಂಗಸರು ಅಂಥದನ್ನು ಕೇಳಿದ್ದು ಸಮುದ್ರದಾಚೆಯ ರೇಡಿಯೋ ಸಿಲೋನಿನಿಂದ.

ಅದಕ್ಕೆ ದಾರಿ ಮಾಡಿಕೊಟ್ಟವರು ದಿಲ್ಲಿಯ ಮಂತ್ರಿಗಳೇ. 1952ರಲ್ಲಿ ಪ್ರಸಾರ ಖಾತೆಗೆ ಬಂದ ಬಿ.ವಿ. ಕೇಸ್ಕರ್ ಅವರಿಗೆ ಶಾಸ್ತ್ರೀಯ ಸಂಗೀತವೆಂದರೆ ಪ್ರಾಣ, ಸಿನಿಮಾ ಹಾಡೆಂದರೆ ಆಗದು. ಆಕಾಶವಾಣಿಯಲ್ಲಿ ಅವು ಕೇಳಸಿಗದಂತಾದವು. ಅದೇ ಡಿಸೆಂಬರಿನಲ್ಲಿ ಸಿಲೋನಿನಿಂದ ‘ಬಿನಾಕಾ ಗೀತಮಾಲಾ’ ಶುರುವಾಯಿತು. ಅಮೀನ್ ಸಯಾನಿ ಮುಂಬಯಿಯಲ್ಲಿ ಮಾತು ಮುದ್ರಿಸುವರು. ಅದು ಕೊಲಂಬೋಗೆ ಹೋಗಿ ಶಾರ್ಟ್‌ವೇವಿನಲ್ಲಿ ನಮ್ಮ ಪಡಸಾಲೆಗೆ ತಿರುಗಿ ಬರುವುದು. ಮೊದಲು ಅದು ಕೇಳುಗರ ಸ್ಪರ್ಧೆ. ಏಳು ಹಾಡುಗಳನ್ನು ಹಳೆಯದರಿಂದ ಹೊಸದಕ್ಕೆ ಸರಿಯಾಗಿ ಜೋಡಿಸಿ ಬರೆದರೆ 100 ರೂಪಾಯಿ. ಮೊದಲ ಸಲವೇ 9,000 ಕಾಗದ ಬಂದವಂತೆ, ಆಮೇಲೆ ವಾರಕ್ಕೆ 65,000. ಎಣಿಸಿ ಸಾಕಾಗಿ, 1954ರಿಂದ ಹಾಡುಗಳನ್ನೇ ಮೆಟ್ಟಿಲು ಹತ್ತಿಸತೊಡಗಿದರು.

ಬುಧವಾರ ರಾತ್ರಿ ಎಂಟಕ್ಕೆ ರೇಡಿಯೋ ಇದ್ದ ಮನೆಯಲ್ಲಿ ಓಣಿಯೇ ಕೂಡುತ್ತಿತ್ತು. ಹೆಂಗಸರ ಕೈ ಕಂಡಿಕೆ ಸುತ್ತುತ್ತಿದ್ದರೆ ಕಿವಿ ಸಿಲೋನಿನ ಕಡೆ. ಹಿಂದಿ ಯಾರಿಗೂ ಬಾರದು. ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದಾಗ ಕಂಪನಿ ನಾಟಕದವರು ಅದೇ ಧಾಟಿಗೆ ಕನ್ನಡ ಮಾತು ಕೂಡಿಸಿ ಹಾಡುವರು. ಹುನಗುಂದದ ನಮ್ಮ ಸೋದರತ್ತಿ ಗೀತಮಾಲಾ ಕೇಳಿ, “ನಮ್ಮ ನಾಟಕದ ಹಾಡು ಅವರೂ ಕಲತಾರಲ್ಲವಾ!” ಎಂದು ಹಿಗ್ಗಿದ್ದಳು.

ಯಾವ ಹಾಡು ಮೇಲೆಂಬುದನ್ನು ನಿರ್ಧರಿಸುತ್ತಿದ್ದದ್ದು ಅಂಗಡಿಗಳಲ್ಲಿ ರಿಕಾರ್ಡುಗಳ ಮಾರಾಟ ಮತ್ತು ಕೇಳುಗರ ಸಂಘಗಳ ಪತ್ರಗಳು. ನೇಕಾರರ ಮನೆಯಲ್ಲಿ ರಿಕಾರ್ಡು ಕೊಳ್ಳುವವರು ಯಾರು? ನಮ್ಮ ಚಿಗವ್ವ ಒಮ್ಮೆ ಕಾರ್ಡು ಬರೆಸಿದಳು. “ಹೆಣ್ಣಮಕ್ಕಳ ಹೆಸರು ರೇಡಿಯೋದಾಗ ಬರೂದಂದ್ರ ಏನು?” ಎಂದು ಹಿರಿಯರು ಅದನ್ನು ಅಟ್ಟದ ಮೇಲಿಟ್ಟರು. ಇದೇ ಸೀಮೆಯ ಬೀಳಗಿಯ ಅಮೀರಬಾಯಿ ಕರ್ನಾಟಕಿ 1943ರ ‘ಕಿಸ್ಮತ್’ನಲ್ಲಿ ಹಾಡಿ ದೇಶಕ್ಕೇ ಹೆಸರಾಗಿದ್ದಳು. ಅವಳ ಕೊರಳನ್ನು ಮೆಚ್ಚಿ ಮಾತಾಡುತ್ತಿದ್ದವರೂ ಇದೇ ಹಿರಿಯರು. ಊರ ಹೆಣ್ಣಿನ ಹಾಡು ಬೇಕು, ಮನೆಯ ಹೆಣ್ಣಿನ ಹೆಸರು ಬೇಡ.

1957ರ ಅಕ್ಟೋಬರಿನಲ್ಲಿ ಆಕಾಶವಾಣಿ ಸೋತು ‘ವಿವಿಧ ಭಾರತಿ’ ತೆರೆಯಿತು. 1989ರಲ್ಲಿ ಗೀತಮಾಲಾ ತಾನೇ ಅಲ್ಲಿಗೆ ಬಂದು, ಕೆಲ ವರ್ಷಗಳಲ್ಲಿ ನಿಂತಿತು. ಸಯಾನಿಯವರು 2024ರಲ್ಲಿ ತೀರಿಕೊಂಡರು. ಯಾವ ವರ್ಷ ಯಾವ ಹಾಡು ಗೆದ್ದಿತೆಂಬ ಪಟ್ಟಿ ಇಂದಿಗೂ ಸಿಗುತ್ತದೆ. ಕಂಡಿಕೆ ಸುತ್ತಿದವರು ಯಾವುದನ್ನು ಗೆಲ್ಲಿಸುತ್ತಿದ್ದರೆಂಬ ಪಟ್ಟಿ ಮಾತ್ರ ಎಲ್ಲೂ ಇಲ್ಲ. ನಿಮ್ಮ ಮನೆಯಲ್ಲಿ ಆ ಕಾಲದ ಅಜ್ಜಿ ಇದ್ದರೆ, ತಂಗೀ, ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ.